ತೆಲಗಿ ಸಿಕ್ಕ, ಖಾಕಿಯ ಕತೆ ಎಲ್ಲಿ?

ಮಲಯಾಳಂನ ಪೊಲೀಸ್ ಥ್ರಿಲ್ಲರ್‌ಗಳನ್ನು ಉಸಿರು ಬಿಗಿಹಿಡಿದು ನೋಡುತ್ತೇವೆ. ಅವೆಲ್ಲಕ್ಕಿಂತ ದೊಡ್ಡ ಕತೆಯೊಂದು ಬೆಳಗಾವಿ ಜಿಲ್ಲೆಯ ಖಾನಾಪುರದ ರೈಲು ನಿಲ್ದಾಣದಲ್ಲೇ ಶುರುವಾಗಿತ್ತು. ನಕಲಿ ಛಾಪಾ ಕಾಗದ ಮಾರಿದವನ ಮೇಲೆ ವೆಬ್ ಸರಣಿ ಬಂತು. ಅವನಿಗೆ ತಮ್ಮನ್ನೇ ಮಾರಿಕೊಂಡವರ ಮೇಲೆ?

2003ರ ಜನವರಿ. ದಕ್ಷಿಣ ಮುಂಬೈನ ಕೊಲಾಬಾದಲ್ಲೊಂದು ಫ್ಲ್ಯಾಟು. ಮಹಾರಾಷ್ಟ್ರದ ವಿಶೇಷ ತನಿಖಾ ತಂಡದವರು ಒಳಗೆ ಕಾಲಿಟ್ಟರೆ, ಲಾಕಪ್ಪಿನಲ್ಲಿರಬೇಕಾದ ಮನುಷ್ಯ ತನ್ನ ಮನೆಯಲ್ಲೇ ಆರಾಮಾಗಿ ಕೂತಿದ್ದಾನೆ.

ಕಾಗದದ ಲೆಕ್ಕದಲ್ಲಿ ಆತ ಆ ಹೊತ್ತಿಗೆ ಮುಂಬೈ ಪೊಲೀಸರ ಕಸ್ಟಡಿಯಲ್ಲಿದ್ದ. ಕಾವಲಿಗೆಂದು ಬಂದವರೂ ಅಲ್ಲೇ ಇದ್ದರು. ಅವರಲ್ಲೊಬ್ಬ ಸಹಾಯಕ ಪೊಲೀಸ್ ಇನ್ಸ್‌ಪೆಕ್ಟರ್. ಕೈದಿಯ ಮನೆಯಲ್ಲಿ ಪೊಲೀಸರು ಅತಿಥಿಗಳಾಗಿದ್ದರು.

ಆ ಕೈದಿ ನಮ್ಮ ಖಾನಾಪುರದ ಅಬ್ದುಲ್ ಕರೀಂ ಲಾಲ್ ತೆಲಗಿ.

ಡಿಐಜಿ ದರ್ಜೆಯಲ್ಲಿದ್ದ ಸುಬೋಧ್ ಕುಮಾರ್ ಜೈಸ್ವಾಲ್ ಈ ಭೇಟಿಯ ನಂತರ ಬರೆದ ವರದಿ ಮುಂಬೈ ಪೊಲೀಸ್ ಇಲಾಖೆಯನ್ನು ಬುಡಸಮೇತ ಅಲುಗಿಸಿತು. ಅದೇ ವರ್ಷ ಡಿಸೆಂಬರ್ 1ರಂದು ಮುಂಬೈನ ಪೊಲೀಸ್ ಕಮಿಷನರ್ ಆಗಿದ್ದ ಆರ್.ಎಸ್. ಶರ್ಮಾ ಅವರ ಬಂಧನವಾಯಿತು. ಅವರು ನಿವೃತ್ತರಾಗಿ ಒಂದೇ ದಿನವಾಗಿತ್ತು. ಅವರಿಗಿಂತ ಮೊದಲೇ ಅಪರಾಧ ವಿಭಾಗದ ಜಂಟಿ ಕಮಿಷನರ್ ಶ್ರೀಧರ್ ವಾಗಳ್ ಬಂಧನವಾಗಿತ್ತು. ಶರ್ಮಾ ಅವರನ್ನು ಮುಂದೆ ನ್ಯಾಯಾಲಯ ಆರೋಪದಿಂದ ಬಿಡುಗಡೆ ಮಾಡಿತು ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಹಗರಣದ ಕತೆ ಹೇಳುವವರು ಬಂಧನದ ಸುದ್ದಿಯನ್ನು ದೊಡ್ಡಕ್ಷರದಲ್ಲಿ ಬರೆದು, ಬಿಡುಗಡೆಯ ಸುದ್ದಿಯನ್ನು ಮರೆಯುವುದೇ ಹೆಚ್ಚು.

ನನ್ನನ್ನು ಹಿಡಿದು ನಿಲ್ಲಿಸುವುದು ಕಮಿಷನರ್ ಅಲ್ಲ, ಆ ಫ್ಲ್ಯಾಟಿನಲ್ಲಿ ಕೂತಿದ್ದ ಕೆಳಹಂತದ ಅಧಿಕಾರಿ. ಆತ ಅಲ್ಲಿಗೆ ಹೇಗೆ ಬಂದ? ಮೊದಲ ಸಲ ಕೈದಿಯ ಕೈಯಿಂದ ಏನು ಇಸಕೊಂಡ? ಮನೆಗೆ ಹೋಗಿ ಹೆಂಡತಿಗೆ ಏನು ಹೇಳಿದ? ಈ ಪ್ರಶ್ನೆಗಳನ್ನು ಕೇಳುವ ಅಭ್ಯಾಸ ನಮಗೆ ಹಿಡಿದಿದ್ದು ಇತ್ತೀಚಿನ ಮಲಯಾಳಂ ಸಿನಿಮಾಗಳಿಂದ.

ಸ್ಟೇಷನ್ನಿನ ಒಳಗಿನಿಂದ ಬಂದ ಕತೆಗಾರ

ಬೆಳಗಾವಿಯ ಮನೆಗಳಲ್ಲಿ ಮಲಯಾಳಂ ಅರ್ಥವಾಗುವವರು ಬೆರಳೆಣಿಕೆ. ಆದರೂ ರಾತ್ರಿ ಊಟ ಮುಗಿಸಿ ಮೊಬೈಲಿನಲ್ಲೋ ಟೀವಿಯಲ್ಲೋ ಸಬ್‌ಟೈಟಲ್ ಓದಿಕೊಂಡು, ಇಲ್ಲವೇ ಡಬ್ಬಿಂಗ್‌ನಲ್ಲಿ, ಕೇರಳದ ಪೊಲೀಸರ ಕತೆ ನೋಡುವವರು ಬಹಳ ಮಂದಿ. 2025ರ ಫೆಬ್ರುವರಿಯಲ್ಲಿ ಬಂದ 'ಆಫೀಸರ್ ಆನ್ ಡ್ಯೂಟಿ'ಯನ್ನು ತೆಗೆದುಕೊಳ್ಳಿ. ಜಿತು ಅಶ್ರಫ್ ನಿರ್ದೇಶನ, ಕುಂಚಾಕೊ ಬೋಬನ್ ನಾಯಕ. ಹುದ್ದೆಯಲ್ಲಿ ಹಿಂಬಡ್ತಿ ಪಡೆದ, ಕೈ ಎತ್ತಲು ಹಿಂದೆಮುಂದೆ ನೋಡದ, ಒಳಗೊಳಗೇ ಕುದಿಯುವ ಅಧಿಕಾರಿ. ಅವನ ಮುಂದೆ ಬರುವುದು ನಕಲಿ ಚಿನ್ನದ ಒಂದು ಸರದ ಪ್ರಕರಣ. ಆ ಎಳೆ ಹಿಡಿದು ಹೋದರೆ ದಾರಿ ಬೆಂಗಳೂರಿನವರೆಗೆ ಬರುತ್ತದೆ.

ಅದನ್ನು ಬರೆದ ಶಾಹಿ ಕಬೀರ್ ಸ್ವತಃ ಕೇರಳ ಪೊಲೀಸ್ ಇಲಾಖೆಯಲ್ಲಿ ಕೆಲಸ ಮಾಡಿದವರು. 'ಜೋಸೆಫ್' (2018), 'ನಾಯಾಟ್ಟು' (2021) ಅವರದೇ ಬರವಣಿಗೆ. 'ಇಲವೀಳಾ ಪೂಂಚಿರ' (2022), 'ರೋಂತ್' (2025) ಅವರದೇ ನಿರ್ದೇಶನ. ಡ್ಯೂಟಿ ಹಾಕುವ ಪುಸ್ತಕ, ರಾತ್ರಿ ಗಸ್ತು, ಮೇಲಿನ ಸಾಹೇಬರ ಫೋನು, ಚುನಾವಣೆ ಹತ್ತಿರ ಬಂದಾಗ ಬದಲಾಗುವ ಎಫ್‌ಐಆರ್ ಎಲ್ಲವೂ ಅಲ್ಲಿ ಕೈಗೆ ಸಿಗುವಷ್ಟು ಹತ್ತಿರದಲ್ಲಿವೆ. 'ನಾಯಾಟ್ಟು'ವಿನಲ್ಲಿ ಮೂವರು ಪೊಲೀಸರು ತಮ್ಮದೇ ಇಲಾಖೆಗೆ ಹೆದರಿ ಓಡುತ್ತಾರೆ. ರೋಹಿತ್ ಎಂ.ಜಿ. ಕೃಷ್ಣನ್ ನಿರ್ದೇಶಿಸಿದ 'ಇರಟ್ಟ'ದಲ್ಲಿ (2023) ಠಾಣೆಯೊಳಗೇ ಎಎಸ್‌ಐ ಒಬ್ಬ ಗುಂಡೇಟಿಗೆ ಸಾಯುತ್ತಾನೆ; ಬದುಕಿದ್ದಾಗ ಆತ ಎಂಥ ಮನುಷ್ಯನಾಗಿದ್ದ ಎಂದು ಒಂದೊಂದೇ ಪದರ ಬಿಚ್ಚುತ್ತ ಹೋದಂತೆ ನೋಡುವವರ ಹೊಟ್ಟೆ ಹಿಂಡುತ್ತದೆ. ಜೋಜು ಜಾರ್ಜ್ ಅಲ್ಲಿ ಸತ್ತ ಪೊಲೀಸ್ ಹಾಗೂ ಅವನ ಅವಳಿ ಸಹೋದರನಾದ ಡಿವೈಎಸ್‌ಪಿ, ಎರಡೂ ಪಾತ್ರ ಮಾಡಿದ್ದಾರೆ.

ಆದರೆ ನನ್ನ ಮಟ್ಟಿಗೆ ಇವೆಲ್ಲದರ ತಾಯಿ 2017ರ 'ತೊಂಡಿಮುತಲುಂ ದೃಕ್ಸಾಕ್ಷಿಯುಂ'. ದಿಲೀಶ್ ಪೋತ್ತನ್ ಅದನ್ನು ಕಟ್ಟಿದ್ದು ಕಾಸರಗೋಡಿನ ಮಣ್ಣಿನಲ್ಲಿ, ಶೇಣಿ ಎಂಬ ಠಾಣೆಯ ಹೆಸರಿನಲ್ಲಿ. ಕನ್ನಡ, ತುಳು, ಮಲಯಾಳಂ ಒಂದೇ ಅಂಗಡಿಯ ಮುಂದೆ ಮಾತಾಗುವ ಸೀಮೆ ಅದು. ಅಲ್ಲಿನ ಠಾಣೆಯ ಪಾತ್ರಗಳಿಗೆ ನಿಜವಾದ ಪೊಲೀಸರನ್ನೇ ಹಾಕಿಕೊಂಡರು; ಸಬ್ ಇನ್ಸ್‌ಪೆಕ್ಟರ್ ಪಾತ್ರ ಮಾಡಿದ ಸಿಬಿ ಥಾಮಸ್ ನಿಜ ಜೀವನದಲ್ಲೂ ಪೊಲೀಸ್ ಅಧಿಕಾರಿ. ಬಸ್ಸಿನಲ್ಲಿ ಕಳ್ಳನೊಬ್ಬ ಸರ ನುಂಗುತ್ತಾನೆ. ಅಷ್ಟೇ ಕತೆ. ಆ ಸರ ಹೊರಗೆ ಬರಲಿಲ್ಲವೆಂದರೆ ಠಾಣೆಯವರ ನೌಕರಿಗೆ ಸಂಚಕಾರ. ಅದನ್ನು ಉಳಿಸಿಕೊಳ್ಳಲು ಎಎಸ್‌ಐ ಚಂದ್ರನ್ ಒಂದು ಸಣ್ಣ ಸುಳ್ಳಿಗೆ ಒಪ್ಪುತ್ತಾನೆ, ಅದನ್ನು ಮುಚ್ಚಲು ಇನ್ನೊಂದಕ್ಕೆ. ಅಲೆನ್ಸಿಯರ್ ಆ ಪಾತ್ರದಲ್ಲಿ ಒಮ್ಮೆಯೂ ಖಳನಂತೆ ಕಾಣುವುದಿಲ್ಲ. ಹೆಗಲ ಮೇಲೆ ಹೊರೆ ಇರುವ, ಸುಸ್ತಾದ, ಒಳ್ಳೆಯವನೇ ಆದ ನೌಕರನಂತೆ ಕಾಣುತ್ತಾನೆ.

ಕೊಲಾಬಾದ ಆ ಸಹಾಯಕ ಇನ್ಸ್‌ಪೆಕ್ಟರ್ ಕೂಡ ಹೀಗೇ ಶುರುವಾಗಿರಬಹುದೇ? ಥ್ರಿಲ್ಲರ್ ಬರೆಯುವವರು ಕೈಹಾಕಬೇಕಾದ ಜಾಗ ಇದು.

ಮೀಟರ್‌ಗೇಜ್ ಹಳಿಯ ಹುಡುಗ

ಬೆಳಗಾವಿಯಿಂದ ಲೋಂಡಾ ಕಡೆಗೆ ಹೊರಟ ರೈಲು ದೇಸೂರು, ಇದ್ದಲಹೊಂಡ ದಾಟಿದರೆ ಖಾನಾಪುರ. ಮಲಪ್ರಭೆಯ ದಂಡೆಯ ಊರು. ಪಶ್ಚಿಮಕ್ಕೆ ಜಾಂಬೋಟಿ, ಕಣಕುಂಬಿಯ ಮಳೆಕಾಡು. ಊರ ಸುತ್ತ ಹಂಚು, ಇಟ್ಟಿಗೆ, ಕುಂಬಾರಿಕೆಗೆ ಹೆಸರಾದ ಮಣ್ಣು. ಮರಾಠಿ, ಕನ್ನಡ, ಉರ್ದು, ಕೊಂಕಣಿ ಒಂದರ ಬೆನ್ನಿಗೆ ಒಂದು ಕೇಳುವ ಪೇಟೆ.

1961ರಲ್ಲಿ ಹುಟ್ಟಿದ ಕರೀಮನ ತಂದೆ ರೈಲ್ವೆ ನೌಕರ. ಮಗ ಚಿಕ್ಕವನಿದ್ದಾಗಲೇ ತೀರಿಕೊಂಡರು. ಮನೆ ನಡೆಯಬೇಕು, ಶಾಲೆಯೂ ನಡೆಯಬೇಕು. ಆಗ ಈ ದಾರಿಯಲ್ಲಿದ್ದದ್ದು ಮೀಟರ್‌ಗೇಜ್ ಹಳಿ. ನಿಂತ ರೈಲಿನ ಕಿಟಕಿಗೆ ಬುಟ್ಟಿ ಎತ್ತಿ ಹಿಡಿದು, ರೈಲು ಹೊರಟರೆ ಹತ್ತಿಕೊಂಡು, ಹಣ್ಣು ತರಕಾರಿ ಮಾರಿ ಹುಡುಗ ಸರ್ವೋದಯ ವಿದ್ಯಾಲಯದಲ್ಲಿ ಓದಿದ. ಬೆಳಗಾವಿಗೆ ಹೋಗಿ ಬಿ.ಕಾಂ. ಮಾಡಿಕೊಂಡ. ಅಷ್ಟರವರೆಗಿನ ಕತೆಯನ್ನು ಯಾವ ಶಾಲೆಯ ವಾರ್ಷಿಕೋತ್ಸವದಲ್ಲಾದರೂ ಮಕ್ಕಳಿಗೆ ಹೇಳಬಹುದಿತ್ತು.

ಆಮೇಲೆ ಮುಂಬೈ, ಸೌದಿ ಅರೇಬಿಯಾ, ಮತ್ತೆ ಮುಂಬೈ. ಕೆಲಸಕ್ಕೆ ಹೊರದೇಶಕ್ಕೆ ಹೋಗುವವರಿಗೆ ಕಾಗದಪತ್ರ ಮಾಡಿಕೊಡುವ ವ್ಯವಹಾರ, ಅದರಲ್ಲೇ ನಕಲಿ ದಾಖಲೆ, ಅದರಿಂದ ಜೈಲು. ಜೈಲಿನಲ್ಲಿ ಸಿಕ್ಕ ಪರಿಚಯದಿಂದ ಛಾಪಾ ಕಾಗದದ ದಾರಿ. 1994ರಲ್ಲಿ ಆತನ ಕೈಗೆ ಛಾಪಾ ಕಾಗದ ಮಾರುವ ಅಧಿಕೃತ ಲೈಸೆನ್ಸ್ ಬಂತು. ಸರ್ಕಾರವೇ ಬಾಗಿಲು ತೆಗೆದುಕೊಟ್ಟಂತಾಯಿತು.

ಹಳೆಯ ಮನೆಗಳ ಕಬ್ಬಿಣದ ಟ್ರಂಕಿನಲ್ಲಿ ಇನ್ನೂ ಛಾಪಾ ಕಾಗದ ಇರುತ್ತದೆ. ತೆಗೆದು ನೋಡಿ. ಮೇಲ್ಭಾಗದಲ್ಲಿ ಸಿಂಹಮುದ್ರೆ, ಬೆಲೆ, ಬಳ್ಳಿಯಂಥ ಸೂಕ್ಷ್ಮ ಗೆರೆಗಳ ಅಂಚು. ಬೆಳಕಿಗೆ ಹಿಡಿದರೆ ಕಾಗದದೊಳಗೆ ನೀರುಗುರುತು. ಹಿಂಬದಿಯಲ್ಲಿ ಮಾರಿದವನ ಮೊಹರು, ಕ್ರಮಸಂಖ್ಯೆ, ಕೊಂಡವರ ಹೆಸರು, ಯಾತಕ್ಕೆ ಕೊಂಡರು, ತಾರೀಖು. ಅದರ ಕೆಳಗೆ ಬಾಂಡ್ ರೈಟರ್ ಬರೆದ ಸಾಲುಗಳು: ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ. ಒಂದು ಕುಟುಂಬದ ಜೀವಮಾನದ ದುಡಿಮೆ ಆ ಒಂದು ಹಾಳೆಯ ಸಾಚಾತನದ ಮೇಲೆ ನಿಂತಿರುತ್ತಿತ್ತು. ಹಾಗಾಗಿಯೇ ಈ ಹಗರಣ ಬರೀ ಲೆಕ್ಕದ ಮೋಸವಾಗಿ ನನಗೆ ಕಾಣುವುದಿಲ್ಲ.

ಅಸಲಿ ಕಾಗದ ಬರುತ್ತಿದ್ದದ್ದು ನಾಸಿಕ್‌ನ ಇಂಡಿಯಾ ಸೆಕ್ಯುರಿಟಿ ಪ್ರೆಸ್‌ನಿಂದ. ಬೇಡಿಕೆ ಬೆಟ್ಟದಷ್ಟು, ಪೂರೈಕೆ ಸಾಸಿವೆಯಷ್ಟು. ತೆಲಗಿ ಆ ಬಿರುಕನ್ನು ಕಂಡುಕೊಂಡ. ಪ್ರೆಸ್ಸಿನಿಂದ ಗುಜರಿಗೆ ಹೋದ ಯಂತ್ರಗಳನ್ನು ಒಳಗಿನವರ ಕೈಬಿಸಿ ಮಾಡಿ ದಕ್ಕಿಸಿಕೊಂಡ. ಚಿಲ್ಲರೆ ಗಿರಾಕಿಯ ತಂಟೆಗೆ ಹೋಗದೆ ಬ್ಯಾಂಕು, ವಿಮಾ ಕಂಪನಿ, ಷೇರು ದಲ್ಲಾಳಿಗಳಂಥ ಸಗಟು ಗಿರಾಕಿಗಳನ್ನು ಹಿಡಿದ. ಓದಿಕೊಂಡ, ಟೈ ಕಟ್ಟಿದ ನೂರಾರು ಯುವಕರನ್ನು ಮಾರಾಟಕ್ಕೆ ನೇಮಿಸಿದ. ಅವರಲ್ಲಿ ಎಷ್ಟೋ ಜನಕ್ಕೆ ತಾವು ಮಾರುತ್ತಿದ್ದದ್ದು ಏನೆಂದು ತಿಳಿದಿರಲಿಕ್ಕಿಲ್ಲ.

ಹಗರಣದ ಗಾತ್ರದ ಬಗ್ಗೆ 20 ಸಾವಿರ ಕೋಟಿ, 30 ಸಾವಿರ ಕೋಟಿ ರೂಪಾಯಿ ಎಂಬ ಅಂಕಿಗಳು ಪತ್ರಿಕೆಗಳಲ್ಲಿ ಓಡಾಡಿದವು. ನ್ಯಾಯಾಲಯದಲ್ಲಿ ಅಂಥ ಅಂಕಿ ಯಾವುದೂ ಗಟ್ಟಿಯಾಗಿ ನಿಲ್ಲಲಿಲ್ಲ.

━ ಚೌಕಟ್ಟು: ಹಗರಣದ ಹಾದಿ ━
1994: ಮುಂಬೈನಲ್ಲಿ ತೆಲಗಿಗೆ ಛಾಪಾ ಕಾಗದ ಮಾರಾಟದ ಲೈಸೆನ್ಸ್.
2000: ಬೆಂಗಳೂರಿನಲ್ಲಿ ನಕಲಿ ಛಾಪಾ ಕಾಗದ ಸಾಗಿಸುತ್ತಿದ್ದವರು ಪೊಲೀಸರ ಕೈಗೆ.
2001, ನವೆಂಬರ್: ರಾಜಸ್ಥಾನದ ಅಜ್ಮೇರ್‌ನಲ್ಲಿ ತೆಲಗಿ ಬಂಧನ.
2004, ಮಾರ್ಚ್: ಸುಪ್ರೀಂ ಕೋರ್ಟ್ ಆದೇಶದಂತೆ ತನಿಖೆ ಸಿಬಿಐಗೆ.
2006, ಜನವರಿ: ತೆಲಗಿಗೆ ಕಠಿಣ ಸಜೆ.
2007, ಜೂನ್: ಪುಣೆಯ ವಿಶೇಷ ನ್ಯಾಯಾಲಯದಿಂದ 13 ವರ್ಷ ಸಜೆ, 202 ಕೋಟಿ ರೂಪಾಯಿ ದಂಡ.
2017, ಅಕ್ಟೋಬರ್: ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸಾವು.

ಒಬ್ಬನೇ ಹೇಗೆ ಸಾಧ್ಯ?

ತೆಲಗಿ ಚಾಣಾಕ್ಷ, ಒಪ್ಪೋಣ. ಆದರೆ ನಕಲಿ ಕಾಗದ ಒಂದು ಊರಿಂದ ಇನ್ನೊಂದು ಊರಿಗೆ ಹೋಗಬೇಕು. ಲಾರಿ ಬೇಕು, ಗೋದಾಮು ಬೇಕು, ರಾತ್ರಿ ಚೆಕ್‌ಪೋಸ್ಟಿನಲ್ಲಿ ಯಾರಾದರೂ ಟಾರ್ಪಾಲು ಎತ್ತಿ ನೋಡದೆ ಬಿಡಬೇಕು. ದೂರು ಬಂದರೆ ಅದು ಕಡತದಲ್ಲೇ ಮಲಗಬೇಕು. 1990ರ ದಶಕದಲ್ಲೇ ಆತನ ಹೆಸರು ಪೊಲೀಸ್ ದಾಖಲೆಗೆ ಬಂದಿತ್ತು. ಈ ಹಗರಣಕ್ಕಾಗಿ ಕೈಗೆ ಕೋಳ ಬೀಳಲು 2001 ಬರಬೇಕಾಯಿತು. ನಡುವಿನ ವರ್ಷಗಳಲ್ಲಿ ಎಷ್ಟು ಮಂದಿ ಕಣ್ಣು ಮುಚ್ಚಿರಬೇಕು!

ಕಣ್ಣು ಬಿಟ್ಟವರೂ ಇದ್ದರು. ಖಾನಾಪುರದವರೇ ಆದ ಸಾಮಾಜಿಕ ಕಾರ್ಯಕರ್ತ ಜಯಂತ ತಿನೈಕರ್ ಹಗರಣ ಬಯಲಿಗೆಳೆಯಲು ಪಟ್ಟ ಪಾಡಿಗೆ ಸಲ್ಲಬೇಕಾದ ಮನ್ನಣೆ ಸಂದಿಲ್ಲ ಎಂದೇ ನನ್ನ ಅನಿಸಿಕೆ. ತನ್ನ ಊರಿನವನೇ ಆದ ಬಲಾಢ್ಯನ ವಿರುದ್ಧ ಸಣ್ಣ ಊರಿನಲ್ಲಿ ನಿಂತು ಮಾತಾಡುವುದು ಮುಂಬೈನಲ್ಲಿ ಕೂತು ಮಾತಾಡಿದಷ್ಟು ಸಲೀಸಲ್ಲ. ಮಹಾರಾಷ್ಟ್ರದಲ್ಲಿ ಅಣ್ಣಾ ಹಜಾರೆ ಹೈಕೋರ್ಟ್ ಮೆಟ್ಟಿಲು ಹತ್ತಿದರು. ಕರ್ನಾಟಕದಲ್ಲಿ ಪೊಲೀಸ್ ಅಧಿಕಾರಿ ಆರ್. ಶ್ರೀಕುಮಾರ್ ನೇತೃತ್ವದ 'ಸ್ಟಾಂಪಿಟ್' ತನಿಖಾ ತಂಡ ಎಳೆ ಎಳೆಯಾಗಿ ಜಾಲ ಬಿಡಿಸಿತು.

ಸ್ಟಾಂಪಿಟ್ ಕೇಳಿಸಿಕೊಂಡ ಫೋನ್ ಮಾತುಕತೆಗಳು ಇನ್ನೊಂದು ಸತ್ಯ ಹೇಳಿದವು. ಬೆಂಗಳೂರಿನ ಜೈಲಿನಲ್ಲಿ ಕೂತೇ ತೆಲಗಿ ಮೊಬೈಲಿನಲ್ಲಿ ವ್ಯವಹಾರ ನಡೆಸುತ್ತಿದ್ದ. ಜೈಲಿನೊಳಗೆ ಮೊಬೈಲ್ ತಾನಾಗಿ ನಡೆದು ಹೋಗುವುದಿಲ್ಲ. ಯಾರೋ ಜೇಬಿನಲ್ಲಿಟ್ಟು ಒಯ್ದಿರುತ್ತಾರೆ, ಯಾರೋ ತಪಾಸಣೆ ಮಾಡದೆ ಬಿಟ್ಟಿರುತ್ತಾರೆ, ಯಾರೋ ಚಾರ್ಜು ಹಾಕಿಕೊಟ್ಟಿರುತ್ತಾರೆ. ಈ 'ಯಾರೋ'ಗಳಿಗೆ ಸಂಬಳ ಇತ್ತು, ಮನೆ ಬಾಡಿಗೆ ಇತ್ತು, ಶಾಲೆಗೆ ಹೋಗುವ ಮಕ್ಕಳಿದ್ದರು.

ವರ್ಷಗಳಾದರೂ ಜೈಲಿನ ಗಾಳಿ ಬದಲಾಗಲಿಲ್ಲ. 2017ರ ಜುಲೈನಲ್ಲಿ ಕಾರಾಗೃಹ ಇಲಾಖೆಯ ಡಿಐಜಿಯಾಗಿದ್ದ ಡಿ. ರೂಪಾ ಪರಪ್ಪನ ಅಗ್ರಹಾರ ಜೈಲಿನ ಬಗ್ಗೆ ವರದಿ ಕೊಟ್ಟರು. ಅಲ್ಲಿ ಕೈದಿಯಾಗಿದ್ದ ತಮಿಳುನಾಡಿನ ರಾಜಕಾರಣಿ ಶಶಿಕಲಾ ಅವರಿಗೆ ವಿಶೇಷ ಸವಲತ್ತು ಸಿಗುತ್ತಿದೆ ಎಂಬ ಮಾತೇ ದೊಡ್ಡ ಸುದ್ದಿಯಾಯಿತು. ಅದೇ ವರದಿಯಲ್ಲಿ ತೆಲಗಿಯೂ ಇದ್ದ. ಆತನ ಕೈಕಾಲು ಒತ್ತಲು ವಿಚಾರಣಾಧೀನ ಕೈದಿಗಳನ್ನು ಬಿಟ್ಟಿದ್ದರು ಎಂಬ ಆರೋಪ ಅದರಲ್ಲಿತ್ತು. ಮೇಲಧಿಕಾರಿ ಆರೋಪ ಅಲ್ಲಗಳೆದರು. ಕೆಲವೇ ದಿನಗಳಲ್ಲಿ ರೂಪಾ ಅವರ ವರ್ಗವಾಯಿತು. ಮೂರು ತಿಂಗಳ ಬಳಿಕ ತೆಲಗಿ ತೀರಿಕೊಂಡ. ದೇಹ ಖಾನಾಪುರಕ್ಕೇ ಬಂತು.

2018ರ ಡಿಸೆಂಬರ್ 31ರಂದು ನಾಸಿಕ್‌ನ ನ್ಯಾಯಾಲಯ ಇನ್ನೊಂದು ತೀರ್ಪು ಕೊಟ್ಟಿತು. ರೈಲಿನಲ್ಲಿ ಸಾಗುತ್ತಿದ್ದ ಅಸಲಿ ಛಾಪಾ ಕಾಗದ ಕಳುವಾದ ಪ್ರಕರಣ ಅದು; ಆರೋಪಿಗಳಲ್ಲಿ ರೈಲ್ವೆ ರಕ್ಷಣಾ ಪಡೆಯವರೂ ಇದ್ದರು. ಸಾಕ್ಷ್ಯ ಸಾಲದೆ ಎಲ್ಲರೂ ಖುಲಾಸೆಯಾದರು, ಸತ್ತು ಒಂದು ವರ್ಷ ದಾಟಿದ್ದ ತೆಲಗಿಯೂ ಸೇರಿ.

━ ಚೌಕಟ್ಟು: ಮಂಪರು ಪರೀಕ್ಷೆ ━
ತೆಲಗಿಯನ್ನು ಬೆಂಗಳೂರಿನಲ್ಲಿ ಮಂಪರು ಪರೀಕ್ಷೆಗೆ ಒಳಪಡಿಸಲಾಗಿತ್ತು. ಅರೆಪ್ರಜ್ಞೆಯಲ್ಲಿ ಆತ ದೊಡ್ಡವರ ಹೆಸರು ಹೇಳುವ ದೃಶ್ಯ ಟೀವಿ ವಾಹಿನಿಗಳಿಗೆ ಸಿಕ್ಕಿ ದೇಶವೆಲ್ಲ ನೋಡಿತು. ಆದರೆ ಅಂಥ ಮಾತು ಸಾಕ್ಷ್ಯವಾಗಿ ನಿಲ್ಲುವುದಿಲ್ಲ. 2010ರ ಮೇ ತಿಂಗಳಲ್ಲಿ 'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ' ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಪ್ಪಿಗೆಯಿಲ್ಲದೆ ಇಂಥ ಪರೀಕ್ಷೆ ಮಾಡುವಂತಿಲ್ಲ ಎಂದಿತು.

ಅದೇ ಊರಿನಲ್ಲಿ ಪೊಲೀಸ್ ಶಾಲೆ

ಖಾನಾಪುರದ ಬಗ್ಗೆ ತೆಲಗಿಯ ಹೆಸರಿನ ಜತೆ ಯಾರೂ ಹೇಳದ ಸಂಗತಿಯೊಂದಿದೆ. ಕರ್ನಾಟಕ ರಾಜ್ಯ ಪೊಲೀಸ್ ತರಬೇತಿ ಶಾಲೆಗಳಲ್ಲಿ ಒಂದು ಇರುವುದು ಇದೇ ಊರಿನಲ್ಲಿ.

ಪ್ರತಿ ತಂಡದಲ್ಲೂ ರೈತರ ಮಕ್ಕಳು, ಕೂಲಿಕಾರರ ಮಕ್ಕಳು ಬಂದು ಬೂಟು ಕಟ್ಟುತ್ತಾರೆ. ಹೆಚ್ಚಿನವರ ಮನೆಗೆ ಅದು ಮೊದಲ ಸರ್ಕಾರಿ ನೌಕರಿ. ನಸುಕಿನಲ್ಲೇ ಪರೇಡು, ಆಮೇಲೆ ತರಗತಿ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿರುವುದರಿಂದ ಕಲಂಗಳನ್ನು ಹೊಸದಾಗಿ ಬಾಯಿಪಾಠ ಮಾಡಬೇಕು. ನಿರ್ಗಮನ ಪಥಸಂಚಲನದ ದಿನ ಅಪ್ಪ ಅವ್ವ ಬುತ್ತಿ ಕಟ್ಟಿಕೊಂಡು ಬಂದು ಮೈದಾನದ ಅಂಚಿನಲ್ಲಿ ನಿಂತು ನೋಡುತ್ತಾರೆ. "ನಮ್ಮ ಹುಡುಗ ಸಾಹೇಬ ಆದ" ಎಂಬ ಹೆಮ್ಮೆ ಆ ಕಣ್ಣುಗಳಲ್ಲಿ.

ಇಂಥ ಹುಡುಗನೊಬ್ಬ ಮೊದಲ ಪೋಸ್ಟಿಂಗಿಗೆ ಹೋಗುತ್ತಾನೆ. ಠಾಣೆಯ ರೈಟರ್ ಚಹಾ ಕುಡಿಸಿ ಮಾಮೂಲಿಯ ಲೆಕ್ಕ ವಿವರಿಸುತ್ತಾನೆ. ಬೇಡ ಎಂದರೆ ರಾತ್ರಿ ಡ್ಯೂಟಿ ಅವನ ತಲೆಗೇ ಬೀಳುತ್ತದೆ, ರಜೆ ಸಿಗುವುದಿಲ್ಲ, ಸಹೋದ್ಯೋಗಿಗಳು ಊಟಕ್ಕೆ ಕರೆಯುವುದಿಲ್ಲ. ಹೂಂ ಎಂದರೆ ಏನೂ ಆಗುವುದಿಲ್ಲ. ತಂಗಿಯ ಮದುವೆ ಸಾಲ ಬೇಗ ತೀರುತ್ತದೆ, ಅಷ್ಟೇ. ವರ್ಷಗಳು ಉರುಳಿ ಒಂದು ದಿನ ದೊಡ್ಡ ಕೈದಿಯೊಬ್ಬನ ಕಾವಲಿಗೆ ಅವನನ್ನು ಹಾಕುತ್ತಾರೆ. "ಸಾಹೇಬರ, ಮನೀಗೆ ಹೋಗಿ ಒಂದ್ ತಾಸಿನಾಗ ಬರೋಣ್ರಿ" ಎನ್ನುತ್ತಾನೆ ಕೈದಿ. ಇದು ನನ್ನ ಕಲ್ಪನೆಯ ಪಾತ್ರ, ಯಾವೊಬ್ಬ ಅಧಿಕಾರಿಯ ಚಿತ್ರವೂ ಅಲ್ಲ. ಆದರೆ ಈ ಮೆಟ್ಟಿಲುಗಳು ಕಲ್ಪನೆಯಲ್ಲ ಎಂಬುದು ಖಾಕಿ ತೊಟ್ಟವರಿಗೆಲ್ಲ ಗೊತ್ತು. ಅದೇ ಮೆಟ್ಟಿಲ ಬುಡದಲ್ಲಿ ನಿಂತು 'ಒಲ್ಲೆ' ಎಂದವರೂ ಪ್ರತಿ ಠಾಣೆಯಲ್ಲಿ ಇರುತ್ತಾರೆ. ಅವರ ಸರ್ವಿಸ್ ಬುಕ್ಕಿನಲ್ಲಿ ವರ್ಗಾವಣೆಗಳೇ ತುಂಬಿರುತ್ತವೆ.

ಮಲಯಾಳಂನವರು ಸಿನಿಮಾ ಮಾಡುವುದು ಇಂಥ ಕಡೆಯಿಂದ. ದುಷ್ಟ ಪೊಲೀಸ್, ಶಿಷ್ಟ ಪೊಲೀಸ್ ಎಂದು ಮೊದಲೇ ಚೀಟಿ ಅಂಟಿಸುವುದಿಲ್ಲ. ಒಂದು ಸಣ್ಣ ಒಪ್ಪಿಗೆಯ ಬೆನ್ನು ಹತ್ತಿ ಅದು ಎಲ್ಲಿಗೆ ಒಯ್ಯುತ್ತದೆಂದು ನೋಡುತ್ತಾರೆ.

━ ಚೌಕಟ್ಟು: ಕಾಗದ ಹೋಗಿ ಇ-ಸ್ಟಾಂಪ್ ━
ಹಗರಣದ ಬಿಸಿಗೆ ಕರ್ನಾಟಕದಲ್ಲಿ ಹಳೆಯ ಛಾಪಾ ಕಾಗದದ ಮಾರಾಟವೇ ನಿಂತಿತು. ಮುಂದೆ ಅದರ ಜಾಗಕ್ಕೆ ಸ್ಟಾಕ್ ಹೋಲ್ಡಿಂಗ್ ಕಾರ್ಪೊರೇಷನ್ ವ್ಯವಸ್ಥೆಯ ಇ-ಸ್ಟಾಂಪ್ ಬಂತು. ಪ್ರತಿ ಪ್ರಮಾಣಪತ್ರಕ್ಕೂ ಪ್ರತ್ಯೇಕ ಸಂಖ್ಯೆ ಇರುತ್ತದೆ. ಅದು ಅಸಲಿಯೇ ಎಂದು ಆನ್‌ಲೈನ್‌ನಲ್ಲಿ ಯಾರು ಬೇಕಾದರೂ ಪರೀಕ್ಷಿಸಬಹುದು. ಜನ ಮಾತ್ರ ಇಂದಿಗೂ ಅದನ್ನು 'ಬಾಂಡ್ ಪೇಪರ್' ಎಂದೇ ಕೇಳಿ ಪಡೆಯುತ್ತಾರೆ.

ನಮ್ಮ ಪರದೆಯ ಖಾಕಿ

ಕನ್ನಡಕ್ಕೆ ಪೊಲೀಸ್ ಸಿನಿಮಾ ಹೊಸದಲ್ಲ. 1988ರ 'ಸಾಂಗ್ಲಿಯಾನ'ದಲ್ಲಿ ಶಂಕರ್ ನಾಗ್, 1996ರ 'ಪೊಲೀಸ್ ಸ್ಟೋರಿ'ಯಲ್ಲಿ ಸಾಯಿಕುಮಾರ್, ಖಾಕಿಗೊಂದು ಗತ್ತು ಕೊಟ್ಟರು. ಆ ಸಿನಿಮಾ ನೋಡಿ ಇಲಾಖೆಗೆ ಸೇರಬೇಕೆಂದು ಕನಸು ಕಂಡವರು ಎಷ್ಟೋ. ಅದನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಹೇಮಂತ್ ರಾವ್ ಅವರ 'ಕವಲುದಾರಿ' (2019) ಬೇರೆ ದಾರಿ ಹಿಡಿಯಿತು. ಅಲ್ಲಿ ಟ್ರಾಫಿಕ್ ಪೊಲೀಸನೊಬ್ಬ, ನಿವೃತ್ತ ಅಧಿಕಾರಿಯೊಬ್ಬ, ತೀರದ ಹಳೆಯ ಪ್ರಕರಣವೊಂದರ ಭಾರ ಹೊರುತ್ತಾರೆ. ಆ ದಾರಿಯಲ್ಲಿ ಇನ್ನೂ ಬಹಳ ದೂರ ಹೋಗುವುದಿದೆ.

ತೆಲಗಿಯ ಕತೆಯನ್ನು ಹಿಂದಿಯವರು 2023ರಲ್ಲಿ 'ಸ್ಕ್ಯಾಮ್ 2003' ಎಂಬ ಸರಣಿಯಾಗಿ ಮಾಡಿದರು. ಪತ್ರಕರ್ತ ಸಂಜಯ್ ಸಿಂಗ್ ಅವರ ಹಿಂದಿ ಪುಸ್ತಕವೇ ಅದಕ್ಕೆ ಆಧಾರ. ಗಗನ್ ದೇವ್ ರಿಯಾರ್ ತೆಲಗಿಯಾಗಿ ಅಚ್ಚೊತ್ತಿದಂತೆ ಕಂಡರು. ಸರಣಿಯ ಕಣ್ಣು ಮಾತ್ರ ಸದಾ ಅವನ ಮೇಲೆ. ಮಾತಿನ ಮೋಡಿ, ಸಾಹಸ, ಏರಿಳಿತ, ಎಲ್ಲ ಅವನದೇ. ಲಂಚ ಇಸಕೊಳ್ಳುವವರು ಒಂದು ದೃಶ್ಯಕ್ಕೆ ಬಂದು ಹೋಗುತ್ತಾರೆ. ಅವರಿಗೆ ಮನೆಯಿಲ್ಲ, ಮನಸ್ಸಿಲ್ಲ. ಖಾನಾಪುರವೂ ಹಿನ್ನೆಲೆಯ ಒಂದು ನಿಲ್ದಾಣವಾಗಿ ಉಳಿದುಬಿಡುತ್ತದೆ.

ಈ ಕತೆಗೆ ಬೇಕಾದ ಸಾಮಗ್ರಿ ನ್ಯಾಯಾಲಯಗಳ ತೀರ್ಪಿನಲ್ಲಿ, ಸಿಬಿಐನ ದೋಷಾರೋಪ ಪಟ್ಟಿಗಳಲ್ಲಿ, ಹಳೆಯ ಪತ್ರಿಕೆಗಳ ಕಟ್ಟುಗಳಲ್ಲಿ ರಾಶಿ ಬಿದ್ದಿದೆ. ಬೆಳಗಾವಿ ಸೀಮೆಯ ಮಾತು, ಒಂದೇ ಬಾಯಲ್ಲಿ ಮರಾಠಿಗೂ ಕನ್ನಡಕ್ಕೂ ಹೊರಳುವ ಪೇದೆ, ಗಡಿಯ ಎರಡೂ ಕಡೆ ನೆಂಟರಿರುವ ಇನ್ಸ್‌ಪೆಕ್ಟರ್, ಗೋವಾ ಹಾಗೂ ಕೊಲ್ಹಾಪುರದ ಕಡೆ ಓಡುವ ಲಾರಿಗಳು, ಜಾಂಬೋಟಿಯ ಮಳೆಯಲ್ಲಿ ನೆನೆದು ನಿಂತ ಚೆಕ್‌ಪೋಸ್ಟು. ಕಾಸರಗೋಡಿನ ಒಂದು ಸಣ್ಣ ಠಾಣೆಯಿಂದ ಮೂರು ರಾಷ್ಟ್ರಪ್ರಶಸ್ತಿಯ ಸಿನಿಮಾ ಹುಟ್ಟಬಹುದಾದರೆ ಖಾನಾಪುರಕ್ಕೆ ಏನು ಕಡಿಮೆ?

ಬರೆಯುವವರು ಯಾರು ಎಂಬ ಪ್ರಶ್ನೆ ಬರುತ್ತದೆ. ನಿವೃತ್ತ ಡಿಜಿಪಿ ಡಿ.ವಿ. ಗುರುಪ್ರಸಾದ್ ಅವರಂಥವರು ಪೊಲೀಸ್ ಬದುಕಿನ ಬಗ್ಗೆ ಕನ್ನಡದಲ್ಲಿ ಸಾಕಷ್ಟು ಬರೆದಿದ್ದಾರೆ, ಓದುಗರು ಪ್ರೀತಿಯಿಂದ ಓದಿದ್ದಾರೆ. ಅವೆಲ್ಲ ಮೇಲಿನ ಕುರ್ಚಿಯಿಂದ ಕಂಡ ಇಲಾಖೆ. ಶಾಹಿ ಕಬೀರ್ ಬಂದದ್ದು ಕೆಳಗಿನ ಬೆಂಚಿನಿಂದ. ಠಾಣೆಯ ಡೈರಿ ಬರೆಯುವ ಹೆಡ್ ಕಾನ್‌ಸ್ಟೆಬಲ್, ಕೈದಿಯನ್ನು ಹಿಂಡಲಗಾ ಜೈಲಿನಿಂದ ಕೋರ್ಟಿಗೆ, ಕೋರ್ಟಿನಿಂದ ಜೈಲಿಗೆ ಕರೆದೊಯ್ಯುವ ಎಸ್ಕಾರ್ಟ್ ಪೇದೆ, ಇವರ ಬಳಿ ಇರುವ ಕತೆಗಳು ಯಾವ ವರದಿಯಲ್ಲೂ ಇಲ್ಲ. ಬೆಳಗಾವಿಯ ಚಿತ್ರಕತೆಗಾರರು ಮೊದಲು ಹೋಗಿ ಕೂರಬೇಕಾದದ್ದು ಅವರ ಮುಂದೆ. ಅವರಲ್ಲೇ ಯಾರಾದರೂ ಪೆನ್ನು ಹಿಡಿದರೆ ಇನ್ನೂ ಚಲೋ.